ನೀರು ಕಂಡರೆ ಕುದಿಯುವ ಸುಣ್ಣ, ನಿಂತಲ್ಲಿ ನಿಲ್ಲದ ಕೂಸು

ನನ್ನ ಮೊಮ್ಮಗಳು ನಡೆಯುತ್ತಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಟ್ಟೆಯಲ್ಲಿ ಇಟ್ಟುಕೊಂಡು ಉಳಿದದ್ದನ್ನು ಸಾವಕಾಶವಾಗಿ ಬರೆಯುವ ತಾಳ್ಮೆ ನನಗಿಲ್ಲ. ಎಮ್ಮಿಗನೂರಿನ ಶಾಲೆಯಲ್ಲಿ ಮೂರನೇ ತರಗತಿಯವರೆಗೆ ಓದಿದವಳು ನಾನು. ಆಮೇಲೆ ಭತ್ತದ ನಾಟಿ, ಕಬ್ಬಿನ ಕಳೆ, ಮದುವೆ. ಅಕ್ಷರ ಮರೆಯಲಿಲ್ಲ, ಅಷ್ಟೇ ನನ್ನ ವಿದ್ಯೆ. ಈಗ ಕೂಸು ಮಲಗಿದೆ, ಅದಕ್ಕೇ ಬರೆಯಲು ಕುಳಿತಿದ್ದೇನೆ. ಕುಳಿತದ್ದು ಅಂದರೆ ಬರೀ ಹೆಸರಿಗೆ. ಇಷ್ಟು ಬರೆಯುವುದರೊಳಗೆ ಎದ್ದು ಹೋಗಿ ತೊಟ್ಟಿಲಲ್ಲಿ ಇಣುಕಿ ಬಂದೆ.

ಎಲ್ಲರ ಮಕ್ಕಳೂ ನಡೆಯುತ್ತವೆ, ಇದರಲ್ಲೇನು ದೊಡ್ಡದು ಅನ್ನಬಹುದು. ದೊಡ್ಡದು ಏನೆಂದರೆ, ಈಕೆ ಮೊದಲ ಹೆಜ್ಜೆ ಇಟ್ಟ ಸಂಜೆ ಇವಳ ತಾಯಿ ಎದುರಿಗೇ ಇದ್ದಳು, ಆದರೆ ಎತ್ತಿಕೊಳ್ಳುವಂತಿರಲಿಲ್ಲ. ಕೂಸು ಮುಂದೆ ಬಂದ ಹಾಗೆ ತಾಯಿ ಹಿಂದೆ ಸರಿಯಬೇಕಾಯಿತು. ಅದಕ್ಕೆ ಕಾರಣ ಸುಣ್ಣ.

ನನ್ನ ಮಗಳು ಹೊಸಪೇಟೆಯ ಆಚೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಸುಣ್ಣದ ಕಲ್ಲನ್ನು ದೊಡ್ಡ ಭಟ್ಟಿಯಲ್ಲಿ ಸುಡುತ್ತಾರೆ. ಉಕ್ಕು ಮಾಡುವುದಕ್ಕೆ ಆ ಸುಟ್ಟ ಸುಣ್ಣ ಬೇಕಂತೆ. ಅದು ಸರಿಯಾಗಿ ಸುಟ್ಟಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ಇವಳ ಪಾಲಿನ ಕೆಲಸ. ಬೆಲ್ಟಿನ ಮೇಲೆ ಬರುವ ಹೆಂಟೆಗಳಲ್ಲಿ ಒಂದಿಷ್ಟು ತೆಗೆದುಕೊಂಡು, ಪುಡಿ ಮಾಡಿ, ನೀರಿಗೆ ಹಾಕಿ, ನೀರು ಎಷ್ಟು ಬೇಗ ಬಿಸಿಯಾಗುತ್ತದೆ ಎಂದು ನೋಡುತ್ತಾಳೆ. ಬೇಗ ಬಿಸಿಯಾದರೆ ಒಳ್ಳೆಯ ಸುಣ್ಣ. ಅಳಿಯ ಸಂಡೂರಿನ ಗಣಿಯಲ್ಲಿ ಯಂತ್ರ ನಡೆಸುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ನಮ್ಮ ಯಜಮಾನರು ಹಂಪಿಯಲ್ಲಿ ಎಳನೀರು ಮಾರುತ್ತಾರೆ, ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು. ಹೀಗಾಗಿ ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಕೂಸು, ಇಬ್ಬರದೇ ರಾಜ್ಯ.

ಮಗಳು ಆ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ನಕ್ಕಿದ್ದೆ. ಬುದ್ಧಿ ಬಂದಾಗಿನಿಂದ ಎಲೆ ಅಡಿಕೆ ಹಾಕುವವಳು ನಾನು. ಸೊಂಟದಲ್ಲಿ ಸುಣ್ಣದ ಡಬ್ಬಿ ಇಲ್ಲದೆ ಹೊರಗೆ ಹೋದವಳಲ್ಲ.

"ಸುಣ್ಣಕ್ಕ ಯಾರರ ಕನ್ನಡಕ, ಕೈಗವಸು ಹಾಕ್ಕೊಂತಾರೇನಲೇ? ನಾ ನಾಲಿಗಿಗೇ ಹಚ್ಕೊಂತೀನಿ!"

"ನಿನ್ನ ಡಬ್ಬ್ಯಾಗ ಇರೋದು ನೀರು ಕುಡುದು ತಣ್ಣಗಾದ ಸುಣ್ಣವ್ವಾ," ಅಂದಳು ಅವಳು. "ನಮ್ದು ಇನ್ನೂ ನೀರಿನ ಮುಖಾನ ಕಂಡಿಲ್ಲ. ಭಾಳ ಬಾಯಾರಿರ್ತೈತಿ. ಬೆವರು ಸಿಕ್ರ ಬೆವರು, ಕಣ್ಣೀರು ಸಿಕ್ರ ಕಣ್ಣೀರು. ಎಲ್ಲಿ ಸಿಗತೈತೋ ಅಲ್ಲೇ ಕುಡೀತೈತಿ, ಕುಡುದಲ್ಲೇ ಸುಡತೈತಿ."

ಆಗ ನನಗೆ ಚಿಕ್ಕಂದಿನ ಗುಂಡಿ ನೆನಪಾಯಿತು. ಹಬ್ಬಕ್ಕೆ ಮನೆ ಬಳಿಯಬೇಕೆಂದರೆ ನಮ್ಮಪ್ಪ ಹಿತ್ತಿಲಲ್ಲಿ ಗುಂಡಿ ತೋಡಿ, ಸುಟ್ಟ ಸುಣ್ಣದ ಹಳಕು ಹಾಕಿ ನೀರು ಬಿಡುತ್ತಿದ್ದರು. ಬೆಂಕಿಯಿಲ್ಲ, ಒಲೆಯಿಲ್ಲ, ಗುಂಡಿ ಮಾತ್ರ ಕೊತಕೊತ ಕುದಿಯುತ್ತಿತ್ತು. ಅದು ತಣ್ಣಗಾಗುವ ತನಕ ಮಕ್ಕಳನ್ನು ಆ ಕಡೆ ಬಿಡುತ್ತಿರಲಿಲ್ಲ. ಅಂಥದರ ಮಗ್ಗುಲಲ್ಲಿ ದಿನಾ ನಿಲ್ಲುತ್ತಾಳೆ ನನ್ನ ಮಗಳು! ಅಂದಿನಿಂದ ನನ್ನ ನಗು ನಿಂತಿತು. ಮರಿಯಮ್ಮನಹಳ್ಳಿ ರಸ್ತೆಯಲ್ಲಿ ತಾಡಪತ್ರಿ ಹೊದ್ದ ಲಾರಿ ಹೋದರೆ, ಇದರಲ್ಲಿ ಸುಣ್ಣ ಇದೆಯೋ ಏನೋ, ತಾಡಪತ್ರಿ ಎಲ್ಲಾದರೂ ಹರಿದಿದೆಯೋ ಏನೋ ಎಂದು ನೋಡುವುದು ಶುರುವಾಯಿತು. ಮಳೆ ನೀರು ಒಳಗೆ ಇಳಿದರೆ ಸುಣ್ಣ ಬಿಸಿಯಾಗಿ, ಉಬ್ಬಿ, ಹತ್ತಿರದ ಗೋಣಿಚೀಲ, ಹಲಗೆ ಹೊಗೆಯಾಡುತ್ತವಂತೆ. ನೀರಿನಿಂದ ಬೆಂಕಿ ಹುಟ್ಟುವುದನ್ನು ಕೇಳಿದ ಮೇಲೆ ಯಾವ ತಾಯಿ ಸುಮ್ಮನೆ ಕೂರುತ್ತಾಳೆ?

ಅವಳು ತಯಾರಾಗುವ ರೀತಿಯನ್ನು ನೋಡಿ ನೋಡಿ ನನಗೆ ಬಾಯಿಪಾಠವಾಗಿದೆ. ಕಣ್ಣಿಗೆ ಕಾಡಿಗೆ ಇಲ್ಲ, ಮುಖಕ್ಕೆ ಎಣ್ಣೆ ಇಲ್ಲ. ಜಿಡ್ಡಿಗೆ ಪುಡಿ ಅಂಟಿಕೊಳ್ಳುತ್ತದೆ. ಪ್ಯಾಂಟನ್ನು ಬೂಟಿನ ಒಳಗೆ ತುರುಕುವುದಿಲ್ಲ, ಮೇಲೆ ಬಿಡುತ್ತಾಳೆ. ಒಳಗೆ ತುರುಕಿದರೆ ಪುಡಿ ಬೂಟಿನೊಳಗೆ ಇಳಿದು ಕಾಲಿನ ಬೆವರಿಗೆ ಸೇರುತ್ತದೆ. ಕಣ್ಣಿಗೆ ಎಲ್ಲ ಕಡೆಯೂ ಮುಚ್ಚುವ ಕನ್ನಡಕ. ಕೆಲಸ ಮುಗಿದ ಮೇಲೆ ಅಲ್ಲಿಯೇ ಒಣಬ್ರಷ್ಷಿನಿಂದ ಝಾಡಿಸಿಕೊಂಡು, ಸ್ನಾನ ಮಾಡಿ, ಬೇರೆ ಬಟ್ಟೆ ಹಾಕಿಕೊಂಡು, ಮನೆ ಬಾಗಿಲಿಗೇ ಬಿಡುವ ಫ್ಯಾಕ್ಟರಿ ಬಸ್ಸು ಹತ್ತುತ್ತಾಳೆ.

ಬಾಣಂತನ ಮುಗಿಸಿ ಮತ್ತೆ ಕೆಲಸಕ್ಕೆ ಹೋದ ಮೊದಲ ದಿನ, ಸಂಜೆ ನಾನು ನಮ್ಮ ಪದ್ಧತಿಯಂತೆ ಬಾಗಿಲಲ್ಲಿ ಚೊಂಬು ನೀರು ಇಟ್ಟಿದ್ದೆ. ಹಸುಗೂಸು ಇರುವ ಮನೆಗೆ ಹೊರಗಿನಿಂದ ಯಾರೇ ಬರಲಿ, ಕಾಲಿಗೆ ನೀರು ಹಾಕದೆ ಒಳಗೆ ಬಿಡುವುದಿಲ್ಲ. ಅವಳು ಗೇಟಿನಲ್ಲಿ ಬಂದದ್ದೇ ತಡ, ಚೊಂಬು ಎತ್ತಿಕೊಂಡು ಓಡಿದೆ.

"ನಿಲ್ಲವ್ವಾ! ಷೂ ಮ್ಯಾಲ ನೀರು ಹಾಕಬ್ಯಾಡ!"

ಹಸಿದು ಸಿಡುಕುತ್ತಿದ್ದಾಳೆ ಅಂದುಕೊಂಡೆ. ಅಲ್ಲ. ಬಟ್ಟೆ ಬದಲಿಸಿದರೂ ಕಾಲಲ್ಲಿ ಅದೇ ಬೂಟು, ಅದರ ಹೊಲಿಗೆಯಲ್ಲಿ ಪುಡಿ ಸಿಕ್ಕಿಕೊಂಡಿತ್ತು.

"ಒಂದು ಚೊಂಬು ನೀರಂದ್ರ ಅದನ್ನ ಎಬ್ಬಿಸಿದಂಗ. ಮೊದ್ಲು ಒಣಾದ್ದರಾಗ ಝಾಡಸ್ಬೇಕು. ಆಮ್ಯಾಲ ನೀರು ಅಂದ್ರ ಹನಿ ಅಲ್ಲ, ಹೊಳಿ ಹರದಂಗ ಹರೀಬೇಕು. ಕಣ್ಣಿಗೆ ಬಿದ್ರನೂ ಅಷ್ಟೇ. ತಿಕ್ಕಬಾರ್ದು. ನಿಮ್ಮ ಹರಳೆಣ್ಣಿ, ಎದಿಹಾಲು ಏನೂ ಬಿಡಬಾರ್ದು. ಬರೇ ನೀರು, ಭಾಳ ಹೊತ್ತು. ಆಮ್ಯಾಲ ದವಾಖಾನಿ."

ಅಂದಿನಿಂದ ಬಾಗಿಲಲ್ಲಿ ಚೊಂಬಿನ ಜಾಗಕ್ಕೆ ಒಂದು ಒಣಬ್ರಷ್ಷು ಬಂದು ಕುಳಿತಿತು. ಪಕ್ಕದ ಮನೆಯಲ್ಲಿ ಕಂಪ್ಲಿ ಕಡೆಯ ಅಕ್ಕ ಒಬ್ಬಾಕೆ ಇದ್ದಾಳೆ, ನನಗಿಂತ ಹಿರಿಯಳು, ನನಗಿಂತ ಹೆಚ್ಚು ಎಲೆ ತಿನ್ನುವವಳು. ಅವಳು ಅದನ್ನು ನೋಡಿ, "ಏನವ್ವಾ, ನಿಮ್ಮ ಮನ್ಯಾಗ ದೇವರ ಬದ್ಲಿ ಬ್ರಷ್ಷಿಗೆ ಕೈ ಮುಗೀತೀರೇನ?" ಎಂದು ಕೆಣಕಿದಳು. ಅದೇ ಉಸಿರಿನಲ್ಲಿ, "ಮಗಳಿಗೆ ಹೇಳು, ಎಲಿಗೆ ಒಂದೀಟು ಸುಣ್ಣ ತರಲಿ. ಫ್ಯಾಕ್ಟರ್‍ಯಾಗ ರಾಶಿ ಬಿದ್ದಿರ್ತೈತಲ್ಲ," ಅಂದಳು.

"ಆ ಸುಣ್ಣ ಹಚ್ಚಿದ್ರ ನಾಲಿಗಿ ಕೈಯಾಗ ಬರ್ತೈತಿ, ಸುಮ್ನಿರಕ್ಕ!"

"ಬರ್ಲಿ ಬಿಡು, ನಮ್ಮ ಸೊಸಿ ಹಾಲು ಕುಡೀತಾಳ," ಎಂದು ನಕ್ಕು ಹೋದಳು. ಮಗಳಿಗೆ ಈ ಮಾತು ಹೇಳಿದರೆ ಅವಳು ನಗಲಿಲ್ಲ. ಮರುದಿನವೇ ಆಕೆಯ ಮನೆಗೆ ಹೋಗಿ, ಯಾರು ಕೊಟ್ಟರೂ ಆ ಸುಣ್ಣ ಈಸಿಕೊಳ್ಳಬಾರದು ಎಂದು ಕೂತು ಹೇಳಿ ಬಂದಳು.

ಇನ್ನು ಕೂಸಿನ ಮಾತು. ಅದು ಗೋಡೆ ಹಿಡಿದು ನಿಲ್ಲತೊಡಗಿದಾಗಲೇ ಮಗಳು ನನ್ನ ಹತ್ತಿರ ಒಂದು ಮಾತು ಕೇಳಿದ್ದಳು. ಊಟ ಮಾಡುತ್ತಾ, ತಾಟಿನ ಕಡೆಗೇ ನೋಡುತ್ತಾ ಕೇಳಿದಳು.

"ಅವ್ವಾ, ಮಗ್ಗಲು ಹೊಳ್ಳಿದ್ದು ನೀನು ನೋಡ್ದಿ. ಹಲ್ಲು ಬಂದಿದ್ದು ನೀನು ನೋಡ್ದಿ. 'ತಾತ' ಅಂದಿದ್ದೂ ನೀನ ಕೇಳ್ದಿ. ಮೊದಲ ಹೆಜ್ಜಿ ಮಾತ್ರ ನಾ ನೋಡ್ಬೇಕು."

ಅವಳು ಹಬ್ಬಕ್ಕೆ ಸೀರೆ ಕೇಳಿದವಳಲ್ಲ, ಮದುವೆಯಲ್ಲಿ ಬಂಗಾರ ಕೇಳಿದವಳಲ್ಲ. ಹುಟ್ಟಿ ಬೆಳೆದ ಮೇಲೆ ನನ್ನನ್ನು ಕೇಳಿದ್ದು ಇದೊಂದೇ ಎಂದು ನನಗೆ ಅನ್ನಿಸಿತು. ಆಗಲಿ ಅಂದುಬಿಟ್ಟೆ. ಆದರೆ ಕೂಸು ನಮ್ಮ ಮಾತು ಕೇಳೀತೇ? ಹಗಲೆಲ್ಲ ಅದರದು ಒಂದೇ ಹಟ: ಗೋಡೆ ಬಿಡಬೇಕು, ನಡುಮನೆಗೆ ಬರಬೇಕು. ಅದು ಕೈ ಬಿಟ್ಟ ಕೂಡಲೇ ನಾನು ಒಲೆ ಬಿಟ್ಟು ಓಡಿ ಬಂದು ಕೂರಿಸುತ್ತಿದ್ದೆ. ಮತ್ತೆ ಎದ್ದಿತು, ಮತ್ತೆ ಕೂರಿಸಿದೆ. ಸಾರು ಉಕ್ಕಿತು, ರೊಟ್ಟಿ ಕರಕಾಯಿತು. ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಿದರೂ ಇದು ನಡೆದುಬಿಟ್ಟರೆ ಎಂದು ಬೆಚ್ಚಿ ಎದ್ದು ಕೂರುತ್ತಿದ್ದೆ.

"ಕೂಸು ನಡೀಲಿ ಅಂತ ಹರಕಿ ಹೊತ್ತವರ್ನ ಕಂಡೀನಿ," ಅಂದಳು ಕಂಪ್ಲಿಯ ಅಕ್ಕ. "ನಡೀಬ್ಯಾಡ ಅಂತ ಕುಂಡ್ರಿಸೋ ಅಜ್ಜಿನ್ನ ಇವತ್ತ ಕಂಡೆ."

"ಸಂಜಿ ತನಕ ಅಷ್ಟೇ ಅಕ್ಕಾ. ಅವರವ್ವ ಬರ್ಲಿ."

"ಅಕಿ ಕಾಲಿಗೆ ಗಡಿಯಾರ ಕಟ್ಟು ಹಂಗಾದ್ರ."

ಸಂಜೆ ತಾಯಿ ಬಂದ ಮೇಲೆ ಏನಾಗುತ್ತಿತ್ತು? ಈ ಮಹಾರಾಣಿ ತಾಯಿಯ ಮಡಿಲು ಸೇರಿದರೆ ಏಳುವ ಮಾತೇ ಇಲ್ಲ. ಹಗಲು ಕುದುರೆ, ಸಂಜೆ ಕಲ್ಲುಗುಂಡು. ರಜೆಯ ದಿನವೂ ತಾಯಿಯ ತೊಡೆ ಬಿಟ್ಟು ಕದಲಲಿಲ್ಲ. ನಾವಿಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದೆವು.

ಆ ಶುಕ್ರವಾರ ಮಧ್ಯಾಹ್ನದಿಂದಲೇ ಮೋಡ. ಗಾಳಿ ಇಲ್ಲ, ಸೆಕೆ. ಸಂಜೆಯಾಗುವ ಹೊತ್ತಿಗೆ ಮಗಳ ಫೋನು ಬಂತು.

"ಅವ್ವಾ, ಬಟ್ಟಿ ಬದಲಿಸೋ ಖೋಲಿ ರಿಪೇರಿಗೆ ಮುಚ್ಯಾರ. ಝಾಡಿಸ್ಕೊಂಡೀನಿ, ಆದ್ರ ಇದ ಡ್ರೆಸ್ಸಿನ್ಯಾಗ ಬರಾಕತ್ತೀನಿ. ಬಸ್ಸಿನ ಹಿಂದಿನ ಸೀಟಿನ್ಯಾಗ ಒಬ್ಬಾಕಿನ ಕುಂತೀನಿ. ಮಳಿ ಬೀಳೂದ್ರಾಗ ಮುಟ್ಟಬೇಕು. ಕೂಸನ್ನ ಒಳಗ ಇಟ್ಕೋ. ಹಿತ್ತಲ ಬಚ್ಚಲ್ದಾಗ ನೀರು ತುಂಬಿಡು, ತಿಳೀತಾ?"

ತಿಳಿಯಿತು. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಚ್ಚಲಿನ ಡ್ರಮ್ಮು ತುಂಬಿಸಿದೆ, ಎರಡು ಕೊಡ ಹೆಚ್ಚಿಗೆ ತುಂಬಿಟ್ಟೆ. ಮೋಡ ನೋಡಿದೆ. ರಸ್ತೆ ನೋಡಿದೆ. ಒಳಗೆ ಹೋದೆ, ಹೊರಗೆ ಬಂದೆ. ಕೈ ಸುಮ್ಮನಿರಲಿಲ್ಲ. ಶುಕ್ರವಾರ ದೀಪ ಹಚ್ಚುವ ಹೊತ್ತು, ಅಂಗಳಕ್ಕೆ ನೀರು ಚಿಮುಕಿಸಿ ಗುಡಿಸುವುದು ನನ್ನ ಜನ್ಮದ ರೂಢಿ. ಮನಸ್ಸು ರಸ್ತೆಯ ಮೇಲಿತ್ತು, ಕೈ ತನ್ನ ಪಾಡಿಗೆ ತಾನು ಅಂಗಳವನ್ನೆಲ್ಲ ಹಸಿ ಮಾಡಿಬಿಟ್ಟಿತ್ತು.

ಬಸ್ಸಿನ ಹಾರನ್ನು ಕೇಳಿತು. ಕೂಸಿಗೆ ಆ ಹಾರನ್ನು ಗೊತ್ತು. ಕಂಕುಳಲ್ಲಿ ಮೀನಿನ ಹಾಗೆ ಹೊರಳಿತು. ಒಳಗಿರಬೇಕು ಎಂಬ ಮಾತು ನನಗೆ ನೆನಪಿತ್ತೋ ಇಲ್ಲವೋ, ಕಾಲು ಮಾತ್ರ ಅಂಗಳಕ್ಕೆ ಬಂದಿದ್ದವು. ಮಗಳು ಗೇಟು ಅರ್ಧ ತೆರೆದು ಅಲ್ಲೇ ನಿಂತಳು. ತೋಳಿನ ಮಡಿಕೆಯಲ್ಲಿ, ಕಾಲರಿನ ಅಂಚಿನಲ್ಲಿ ಬೆಳ್ಳಗೆ, ಹಿಟ್ಟಿನ ಗಿರಣಿಯಿಂದ ಬಂದವಳ ಹಾಗೆ ಕಾಣುತ್ತಿದ್ದಳು.

"ಅಯ್ಯೋ ಅವ್ವಾ, ಅಂಗಳಕ್ಕ ನೀರು ಹೊಡ್ದಿಯಲ್ಲ!"

"ಶುಕ್ರವಾರಲೇ... ಕೈ ತಡೀಲಿಲ್ಲ."

"ನಾ ಇಲ್ಲಿ ಕಾಲಿಡಂಗಿಲ್ಲ. ಮನಿ ಮಗ್ಗಲ ಸಂದ್ಯಾಗ ಹಾದು ಹಿತ್ತಲಕ್ಕ ಬರ್ತೀನಿ. ಕೂಸನ್ನ ಒಳಗ ಒಯ್ಯಿ."

ಒಯ್ಯಲು ತಿರುಗಿದೆ. ಕೂಸು ಬಿಲ್ಲಿನ ಹಾಗೆ ಬೆನ್ನು ಬಾಗಿಸಿ ಕಿರುಚಿ ಜಾರಿತು. ಬಿದ್ದೀತು ಎಂದು ಹೆದರಿ, ಅಲ್ಲೇ ಅಂಗಳದಲ್ಲಿದ್ದ ನೀಲಿ ಡ್ರಮ್ಮಿಗೆ ಆನಿಸಿ ನಿಲ್ಲಿಸಿದೆ. ಒಂದು ಕೈ ಡ್ರಮ್ಮಿನ ಮೇಲೆ. ತಾಯಿಯನ್ನು ನೋಡಿತು. ಕೈ ತೆಗೆಯಿತು.

ಕೂಸು ಒಂದು ಕಾಲು ಎತ್ತಿ, ಎಲ್ಲಿ ಇಡಲಿ ಎಂದು ಗಾಳಿಯಲ್ಲಿ ಯೋಚಿಸಿ, ಇಟ್ಟಿತು. ಆಮೇಲೆ ಇನ್ನೊಂದು. ಅಷ್ಟು ದಿನ ಹಿಡಿದು ಕೂರಿಸಿದ ನನ್ನ ಕೈ ತಾವಾಗಿಯೇ ಮುಂದೆ ಚಾಚಿದವು.

"ತಡೀಬ್ಯಾಡವ್ವಾ!" ಎಂದು ಕೂಗಿದಳು ಮಗಳು. ಮರುಗಳಿಗೆಯಲ್ಲೇ, "ಹಿಡಿ! ಹಿಡಿ ಅವ್ವಾ, ಇಲ್ಲಿ ಬಂತು!"

ಹಿಡಿಯಲೋ, ಬಿಡಲೋ? ನನ್ನ ಕೈ ನಡುವಲ್ಲೇ ನಿಂತವು. ಕೂಸು ಹಸಿ ಅಂಗಳದ ಮೇಲೆ ಪಚಪಚ ಎನ್ನುತ್ತಾ, ಎರಡೂ ತೋಳು ಮೇಲೆತ್ತಿಕೊಂಡು, ತಾಯಿಯ ಕಡೆಗೇ ಹೊರಟಿತ್ತು. ಒದ್ದೆ ಪಾದ, ಜೊಲ್ಲು ಸುರಿಯುವ ಬಾಯಿ, ಬೆವರಿದ ಅಂಗೈ. ಮೈಯೆಲ್ಲ ನೀರೇ ಆಗಿರುವ ಜೀವ ಅದು. ಮಗಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು, ಬಿಟ್ಟರೆ ಅವು ಮುಂದೆ ಬಂದುಬಿಡುತ್ತವೆ ಅನ್ನುವ ಹಾಗೆ. ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. ಕೂಸು ನಕ್ಕಿತು. ಆಟ ಅಂದುಕೊಂಡಿತು. ಮತ್ತೆ ಮುಂದೆ ಬಂತು. ಅವಳು ಮತ್ತೆ ಹಿಂದೆ ಸರಿದಳು. ಅವಳು ಸರಿದಷ್ಟೂ ಇದು ನಡೆಯಿತು. ಎತ್ತಿಕೊಂಡಿದ್ದರೆ ಎರಡು ಹೆಜ್ಜೆಗೆ ಮುಗಿಯುತ್ತಿದ್ದದ್ದು ಗೇಟಿನ ತನಕ ಬಂತು. ನಾನು ಹಿಂದಿನಿಂದ ಬಗ್ಗಿಕೊಂಡು ಬರುತ್ತಿದ್ದೆ, ನಗುತ್ತಿದ್ದೆನೋ ಅಳುತ್ತಿದ್ದೆನೋ ದೇವರಿಗೇ ಗೊತ್ತು. ಬಸ್ಸು ಇನ್ನೂ ಹೋಗಿರಲಿಲ್ಲ. ಕಿಟಕಿಗಳ ತುಂಬ ಮುಖಗಳು.

ನನ್ನ ಮುಂಗೈ ಮೇಲೆ ಟಪ್ ಎಂದು ಒಂದು ಹನಿ ಬಿತ್ತು.

ಆಮೇಲೆ ನಾನು ಯೋಚಿಸಲಿಲ್ಲ. ಕೂಸನ್ನು ಬಾಚಿ ಎತ್ತಿಕೊಂಡೆ. ಅದು ಓಣಿಗೆಲ್ಲ ಕೇಳುವ ಹಾಗೆ ಕಿರುಚಿತು. ಮಗಳು ಸಂದಿಯ ಕಡೆಗೆ ಓಡಿದಳು, ಕೈ ಇನ್ನೂ ಬೆನ್ನ ಹಿಂದೆಯೇ.

ಬಚ್ಚಲಿನ ಬಾಗಿಲ ಹೊರಗೆ ಕೂಸನ್ನು ಎತ್ತಿಕೊಂಡು ನಿಂತೆ. ಒಳಗೆ ಮೊದಲು ಬ್ರಷ್ಷಿನ ಸದ್ದು, ಆಮೇಲೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಗಂಟು ಹಾಕುವ ಸದ್ದು. ಕೊನೆಗೆ ನೀರು. ನಿಲ್ಲದ ಹಾಗೆ ನೀರು.

"ಉರೀತೈತೇನಲೇ?"

"ಕುತ್ತಿಗಿ ಹತ್ರ ಸ್ವಲ್ಪ. ಬೆವರಿಗೆ ಹತ್ತಿತ್ತು."

"ಬೆಣ್ಣಿ ಕೊಡ್ಲೇನ?"

"ಬೆಣ್ಣಿ ರೊಟ್ಟಿಗೆ ಇಡವ್ವಾ. ಆ ಎರಡು ಕೊಡ ಬಾಗ್ಲ ಹತ್ರ ಸರಿಸು."

ನೀರಿನ ಸದ್ದಿನ ನಡುವೆಯೇ ಮತ್ತೆ ಕೂಗಿದಳು. "ಅವ್ವಾ, ನಡದ್ಳಲ್ಲ? ನಾ ನೋಡಿದ್ದು ಖರೇನ ಹೌದಲ್ಲ?"

"ಖರೇ ಯವ್ವಾ! ರಾಣಿ ಹಂಗ ನಡದ್ಳು!"

ಅವಳು ಹೊರಗೆ ಬಂದಾಗ ಕೂದಲಿನಿಂದ ನೀರು ಇಳಿಯುತ್ತಿತ್ತು, ಕುತ್ತಿಗೆಯ ಪಕ್ಕದಲ್ಲಿ ಕೆಂಪಗೆ ಒಂದು ಗೆರೆ. ತೊಳೆದ ಮೇಲೆ ಉರಿ ಇಳಿದಿದೆ ಅಂದಳು. ಎರಡೂ ತೋಳು ಚಾಚಿದಳು. ಕೂಸು ಅವಳನ್ನು ನೋಡಿ, ಮುಖ ತಿರುಗಿಸಿ, ನನ್ನ ಹೆಗಲಿಗೆ ಒತ್ತಿಕೊಂಡಿತು. ಹಾಲು ಕುಡಿಯಲು ಅವಳ ಹತ್ತಿರ ಹೋಯಿತು, ಆದರೆ ಕಣ್ಣು ಎತ್ತಿ ನೋಡಲಿಲ್ಲ. ನಡುಮನೆಯಲ್ಲಿ ನಿಲ್ಲಿಸಿದರೆ ಕೂತುಬಿಟ್ಟಿತು. ಮಗಳು ಗೋಡೆಗೆ ಒರಗಿ, ತೋಳು ಚಾಚಿಕೊಂಡೇ ಕಾದಳು. ಹೊರಗೆ ಮಳೆ ಹಿಡಿದು ಹೊಡೆಯುತ್ತಿತ್ತು.

"ಮೊದಲ ಹೆಜ್ಜಿ ನಾನ ನೋಡಿದೆ ಅವ್ವಾ," ಅಂದಳು. "ಆದ್ರ ಅಕಿ ನೋಡಿದ್ದೇನು? ಅವ್ವ ಹಿಂದ ಹಿಂದ ಸರದ್ಳು ಅಂತ."

ನಾನು ಎದ್ದು ಹೋಗಿ ಹೆಸರುಬೇಳೆ ಪಾಯಸಕ್ಕೆ ಇಟ್ಟೆ. ಮೊದಲ ಹೆಜ್ಜೆಯ ಸಿಹಿ ಓಣಿಗೆ ಹಂಚಲೇಬೇಕಲ್ಲ. ಬೆಲ್ಲ ಕರಗುವ ತನಕ ಸೌಟು ತಿರುಗಿಸುತ್ತಾ, ಸಂತೋಷವೂ ಅಲ್ಲದ ದುಃಖವೂ ಅಲ್ಲದ ಒಂದು ಚಡಪಡಿಕೆಯಲ್ಲಿ ನಿಂತಿದ್ದೆ.

ಬೆಳಿಗ್ಗೆ ಮಗಳು ಒಗೆದ ಇನ್ನೊಂದು ಜೊತೆ ಡ್ರೆಸ್ಸು ಹಾಕಿಕೊಂಡು ಹೊಸ್ತಿಲ ಹತ್ತಿರ ಕುಳಿತು ಬೂಟಿನ ಲೇಸು ಕಟ್ಟುತ್ತಿದ್ದಳು. ಬಾಚಿ ಕಟ್ಟಿದ ಕೂದಲು, ಒಣಗಿದ ಮೈ, ಎಲ್ಲ ಲಕ್ಷಣವಾಗಿ. ಕೂಸು ಒಳಗೆ ಗೋಡೆ ಹಿಡಿದು ನಿಂತಿತ್ತು. ಬೂಟು ಕಂಡಿತು. ಬೂಟು ಅಂದರೆ ಅವ್ವ ಹೋಗುತ್ತಾಳೆ ಎಂದು ಅದಕ್ಕೆ ಗೊತ್ತು. ಗೋಡೆ ಬಿಟ್ಟಿತು.

ನಾನು ಪಾಯಸದ ಬಟ್ಟಲು ಹಿಡಿದು ನಿಂತಲ್ಲೇ ಕಂಬವಾದೆ. ಮಗಳೂ ಅಲುಗಲಿಲ್ಲ. ಲೇಸು ಕೈಯಲ್ಲೇ ಉಳಿಯಿತು. ಈ ಸಲ ಅವಳು ಹಿಂದೆ ಸರಿಯಲಿಲ್ಲ. ಕೂಸು ತೂರಾಡುತ್ತಾ ಬಂದು, ಕೊನೆಯಲ್ಲಿ ಸಮತೋಲ ತಪ್ಪಿ, ಧೊಪ್ಪನೆ ಅವಳ ಕುತ್ತಿಗೆಗೆ ಬಿತ್ತು. ತೆರೆದ ಬಾಯಿಯಿಂದ ಕಾಲರನ್ನೇ ಕಚ್ಚಿಕೊಂಡಿತು. ಮಗಳು ಅದನ್ನು ಅವುಚಿಕೊಂಡ ರೀತಿ ನೋಡಿ ನನ್ನ ಬಟ್ಟಲಿನ ಪಾಯಸ ಸೀರೆಯ ಮೇಲೆ ಚೆಲ್ಲಿತು.

ಹೊರಗೆ ಹಾರನ್ನು. ಮಗಳು ಎದ್ದವಳು ತಟ್ಟನೆ ಕಾಲರು ಮುಟ್ಟಿ ನೋಡಿಕೊಂಡಳು. ಜೊಲ್ಲಿನಿಂದ ತೊಪ್ಪೆಯಾಗಿತ್ತು.

"ಅವ್ವಾ, ಕಾಲರ್ ಹಸಿ ಆತು! ಹಿಂಗ ಹೋದ್ರ ಪುಡಿ ಇಲ್ಲೇ ಹಿಡೀತೈತಿ, ಮೊದ್ಲ ಇಲ್ಲಿ ನಿನ್ನೆ ಸುಟ್ಟೈತಿ."

ನಿನ್ನೆಯ ಜೊತೆ ಇನ್ನೂ ಒಗೆಯದೆ ಚೀಲದಲ್ಲಿ ಗಂಟು ಹಾಕಿಟ್ಟದ್ದು. ಕರೆಂಟು ಇರಲಿಲ್ಲ, ಇಸ್ತ್ರಿ ಪೆಟ್ಟಿಗೆ ಸುಮ್ಮನೆ ಕುಳಿತಿತ್ತು. ನಾನು ಅಡುಗೆಮನೆಗೆ ಓಡಿ ಹಿತ್ತಾಳೆ ಚೊಂಬಿಗೆ ಒಲೆಯ ಕೆಂಡ ತುಂಬಿ ತಂದೆ. ನಮ್ಮ ಕಾಲದ ಇಸ್ತ್ರಿ ಅದೇ. ಅವಳನ್ನು ಬೂಟಿನ ಸಮೇತ ಮಂಚದ ಮೇಲೆ ಕೂರಿಸಿ, ಕುತ್ತಿಗೆಗೂ ಕಾಲರಿಗೂ ನಡುವೆ ಮಡಚಿದ ಟವೆಲ್ಲು ತುರುಕಿ, ಚೊಂಬಿನ ತಳದಿಂದ ತಿಕ್ಕತೊಡಗಿದೆ.

"ಅಕ್ಕಾರ, ಬರ್ತೀರೋ, ಬಿಟ್ಟು ಹೋಗ್ಲೋ?" ಬಸ್ಸಿನ ಡ್ರೈವರು ಕೂಗಿದ.

"ಏ ತಡಿಯಪ್ಪ, ಆ ಕೂಸು ನಡದೈತಿ!" ಬಸ್ಸಿನೊಳಗಿನಿಂದ ಯಾವಳೋ ಹುಡುಗಿ ಅಂದಳು. ನಮ್ಮ ಮನೆಯ ಸುದ್ದಿ ನಮಗಿಂತ ಮೊದಲು ಬಸ್ಸಿಗೆ ಗೊತ್ತು.

"ಒಣಗ್ತೇನ?" ಅಂದೆ.

"ಇನ್ನೊಂದೀಟು. ಪೂರ್ತಿ ಒಣಗ್ಬೇಕು ಅವ್ವಾ."

ಅವಳು ಗದ್ದ ಓರೆ ಮಾಡಿ ಕುಳಿತು, ತಾನೂ ಕಾಲರಿಗೆ ಉಫ್ ಉಫ್ ಎಂದು ಊದುತ್ತಿದ್ದಳು. ಕೂಸು ಕೆಳಗೆ ಅವಳ ಮೊಣಕಾಲು ಹಿಡಿದು ನಿಂತು, ತುಟಿ ಚೂಪು ಮಾಡಿ ತಾನೂ ಊದಿತು. ಗಾಳಿಗಿಂತ ಜೊಲ್ಲೇ ಹೆಚ್ಚು ಬಂತು. "ಏ, ನೀನು ಮಾತ್ರ ಬ್ಯಾಡ ನಮ್ಮವ್ವಾ!" ಎಂದು ಇಬ್ಬರೂ ಒಟ್ಟಿಗೆ ಕೂಗಿ, ಅದನ್ನು ದೂರ ಸರಿಸಲು ಹೋದೆವು. ಅದು ಕೈಗೆ ಸಿಗಲಿಲ್ಲ. ನಗುತ್ತಾ, ತಾನೇ ನಡೆದುಕೊಂಡು ಆಚೆ ಹೋಯಿತು.